ದುಡ್ಡು ಕಡಿಮೆ ಇದ್ರೂ ಟ್ರ್ಯಾಕ್ ನಿಮ್ದೇ: ಫ್ಯೂಚರ್ ರೇಸಿಂಗ್ ಗೇಮ್ ಆರಿಸೋದು, ದಾರಿ ಕಟ್ಟೋದು

ಫ್ಯೂಚರ್ ರೇಸಿಂಗ್ ಗೇಮಿಗೆ, ಅಂದರೆ ಭವಿಷ್ಯದ ಕಾರು, ತೇಲುವ ನೌಕೆ ಓಡಿಸುವ ಗೇಮಿಗೆ, ದುಡ್ಡು ಹಾಕುವ ಮುಂಚೆ ಒಂದು ವಿಷಯ ನೋಡಿ. ಅದರಲ್ಲಿ ಟ್ರ್ಯಾಕ್ ಎಡಿಟರ್, ಅಂದರೆ ದಾರಿಯನ್ನು ನಾವೇ ಕಟ್ಟುವ ಸಾಧನ, ಇದೆಯಾ? ಇದ್ದರೆ ಗ್ರಾಫಿಕ್ಸ್ ಸ್ವಲ್ಪ ಹಳೆಯದಾದರೂ ತಗೊಳ್ಳಿ. ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ಸದ್ಯಕ್ಕೆ ಬಿಡಿ. ಕಂಪನಿಯವರು ಕೊಟ್ಟ ಟ್ರ್ಯಾಕ್‌ಗಳು ಸ್ವಲ್ಪ ದಿನದಲ್ಲೇ ಬಾಯಿಪಾಠ ಆಗಿಬಿಡುತ್ತವೆ, ಆಮೇಲೆ ಇನ್ನೊಂದು ಗೇಮ್, ಮತ್ತೆ ದುಡ್ಡು. ಎಡಿಟರ್ ಇರುವ ಗೇಮ್ ಹಾಗಲ್ಲ. ಇವತ್ತು ನೀವು ಕಟ್ಟಿದ್ದನ್ನು ನಾಳೆ ಪಕ್ಕದ ರೂಮಿನವನು ಓಡಿಸುತ್ತಾನೆ, ನಾಡಿದ್ದು ಅವನು ಕಟ್ಟಿದ್ದರಲ್ಲಿ ನೀವು ಬಿದ್ದು ಒದ್ದಾಡುತ್ತೀರಿ, ಮತ್ತೆ ಇಬ್ಬರೂ ಸೇರಿ ಮೂರನೆಯದು ಕಟ್ಟುತ್ತೀರಿ. ಒಂದು ರೂಪಾಯಿ ಖರ್ಚಿಲ್ಲದೆ ವರ್ಷಗಟ್ಟಲೆ ಆಡಬಹುದು.

ದಾವಣಗೆರೆಯಲ್ಲಿ ಓದುವ ಹುಡುಗ ಹುಡುಗಿಯರು ಜಾಸ್ತಿ ಕೇಳುವ ಪ್ರಶ್ನೆ ಬೇರೆ. ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇದರಲ್ಲಿ ಓಡುತ್ತಾ? ಓಡುತ್ತದೆ. ಇಲ್ಲಿ ಹೇಳುವ ಗೇಮ್‌ಗಳಲ್ಲಿ ಕನಿಷ್ಠ ಎರಡು ಯಾವ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತವೆ ಅಂದರೂ ನಡೆಯುತ್ತದೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೂ ಶುರು ಮಾಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಲ್ಯಾಪ್‌ಟಾಪ್ ಬೇಗ ಕಾಯುತ್ತದೆ. ಕಾದರೆ ಪ್ರೊಸೆಸರ್ ತಾನಾಗೇ ನಿಧಾನ ಆಗುತ್ತದೆ, ಗೇಮ್ ತಡವರಿಸುತ್ತದೆ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬೇಕು ಅನ್ನೋದನ್ನು, 60ಕ್ಕೆ ಕಟ್ಟಿಹಾಕಿ, ನೆರಳಿನ ಗುಣಮಟ್ಟ ಇಳಿಸಿ. ಹಾಸಿಗೆ ಮೇಲೆ ಇಟ್ಟು ಆಡಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ.

ಈಗ ಗೇಮ್‌ಗಳ ವಿಷಯ.

ಮೊದಲು ಟ್ರ್ಯಾಕ್‌ಮೇನಿಯಾ ನೇಷನ್ಸ್ ಫಾರೆವರ್. 2008ರಲ್ಲಿ ಬಂದದ್ದು, ಫ್ರಾನ್ಸಿನ ನಾಡಿಯೋ ಮಾಡಿದ್ದು, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪೂರ್ತಿ ಉಚಿತ. ಡೌನ್‌ಲೋಡ್ ಒಂದು ಜಿಬಿಯೊಳಗೇ ಮುಗಿಯುತ್ತದೆ, ಮೊಬೈಲ್ ಡೇಟಾದಲ್ಲೂ ಆಗುತ್ತದೆ. ಆಡೋಕೆ ನಾಲ್ಕು ಬಾಣದ ಕೀ ಸಾಕು. ಸ್ಟೇಡಿಯಂ ಒಳಗೆ ಗೋಡೆ ಹತ್ತುವ ರಸ್ತೆ, ತಲೆಕೆಳಗಾಗಿ ಸುತ್ತುವ ಲೂಪ್, ವೇಗ ಹೆಚ್ಚಿಸುವ ಬೂಸ್ಟ್ ಪಟ್ಟಿ, ದೊಡ್ಡ ದೊಡ್ಡ ಜಿಗಿತ ಎಲ್ಲಾ ಇವೆ. ಹಾರುವ ನೌಕೆ ಇಲ್ಲ ಅನ್ನೋದೊಂದು ಬಿಟ್ಟರೆ ಟ್ರ್ಯಾಕ್ ಕಟ್ಟೋದನ್ನು ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಇನ್ನೊಂದು ಗುಣ ಇದೆ, ಅದು ಕಟ್ಟುವವರಿಗೆ ತುಂಬಾ ಮುಖ್ಯ. ಅದೇ ಟ್ರ್ಯಾಕಿನಲ್ಲಿ ಅದೇ ಕೀಯನ್ನು ಅದೇ ಕ್ಷಣಕ್ಕೆ ಒತ್ತಿದರೆ ಕಾರು ಪ್ರತಿ ಸಲವೂ ಒಂದೇ ರೀತಿ ಹೋಗುತ್ತದೆ. ಅದೃಷ್ಟ ಅನ್ನೋದು ಇಲ್ಲ. ಅಂದರೆ ನಿಮ್ಮ ಜಿಗಿತ ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿ ತಿಳಿಯಬಹುದು.

ಲ್ಯಾಪ್‌ಟಾಪ್ ತೀರಾ ಸೊರಗಿದ್ದರೆ, ಅಥವಾ ಕಾಲೇಜಿನ ಕಂಪ್ಯೂಟರಿನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲದಿದ್ದರೆ ಪಾಲಿಟ್ರ್ಯಾಕ್ ನೋಡಿ. ಬ್ರೌಸರಿನಲ್ಲೇ ಓಡುತ್ತದೆ, ಉಚಿತ, ಟ್ರ್ಯಾಕ್‌ಮೇನಿಯಾದ ದಾರಿಯಲ್ಲೇ ಮಾಡಿದ ಸಣ್ಣ ಗೇಮ್. ಎಡಿಟರ್ ಅದರೊಳಗೇ ಇದೆ. ಕಟ್ಟಿದ ಟ್ರ್ಯಾಕನ್ನು ಒಂದು ಉದ್ದನೆಯ ಕೋಡ್ ಮಾಡಿ ಕೊಡುತ್ತದೆ, ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಗೆಳೆಯ ತನ್ನ ಬ್ರೌಸರಿನಲ್ಲಿ ಅಂಟಿಸಿ ಓಡಿಸಬಹುದು.

ಟ್ರ್ಯಾಕ್‌ಮೇನಿಯಾದ ಹೊಸದು 2020ರ ಜುಲೈನಲ್ಲಿ ಬಂತು. ಶುರು ಮಾಡೋಕೆ ಉಚಿತ, ಪೂರ್ತಿ ಸೌಲಭ್ಯ ಬೇಕಾದರೆ ಚಂದಾ ಕಟ್ಟಬೇಕು. ಮಂಜುಗಡ್ಡೆ, ಮಣ್ಣು, ಹುಲ್ಲು, ಪ್ಲಾಸ್ಟಿಕ್ ಅಂತ ಬಗೆಬಗೆಯ ನೆಲ ಇದೆ. ಎಂಜಿನ್ ಆಫ್ ಮಾಡುವ, ಬ್ರೇಕ್ ಕಿತ್ತುಕೊಳ್ಳುವ, ಎಲ್ಲವನ್ನೂ ನಿಧಾನ ಮಾಡುವ, ರಸ್ತೆಯ ತುಂಡಿನ ಹಾಗೆ ಜೋಡಿಸುವ ಬ್ಲಾಕ್‌ಗಳೂ ಇವೆ. ಆಟಗಾರರು ಕಟ್ಟಿದ ಟ್ರ್ಯಾಕ್‌ಗಳಲ್ಲಿ ದಿನಕ್ಕೊಂದನ್ನು ಆರಿಸಿ ಆಡಲು ಇಡುತ್ತಾರೆ, ಅದು ನೋಡಿ ಕಲಿಯೋಕೆ ಒಳ್ಳೇದು. ಆದರೆ ಹೊಸಬರು ಚಂದಾ ಕಟ್ಟೋಕೆ ಆತುರ ಪಡಬೇಡಿ. ಉಚಿತದ್ದರಲ್ಲಿ ಮೊದಲು ಕೈ ಪಳಗಲಿ.

ನೆಲ ಮುಟ್ಟದೆ ತೇಲುವ ನೌಕೆಗಳೇ ಬೇಕು ಅನ್ನುವವರಿಗೆ ಬ್ಯಾಲಿಸ್ಟಿಕ್‌ಎನ್‌ಜಿ. 1995ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಸಿಗ್ನೋಸಿಸ್ ಕಂಪನಿ ವೈಪ್‌ಔಟ್ ಅಂತ ಒಂದು ಗೇಮ್ ತಂದಿತ್ತು, ಆ ರುಚಿಯನ್ನೇ ಇದು ಮುಂದುವರಿಸಿದೆ. 2018ರ ಡಿಸೆಂಬರಿನಲ್ಲಿ ಪೂರ್ತಿ ರೂಪದಲ್ಲಿ ಬಂತು. ನೋಡೋಕೆ ಬೇಕಂತಲೇ ಮೊದಲನೇ ಪ್ಲೇಸ್ಟೇಷನ್ ಕಾಲದ ಹಾಗಿದೆ, ಅದರಿಂದಲೇ ಹಳೇ ಮಷಿನ್ನಿನಲ್ಲೂ ಸಲೀಸಾಗಿ ಓಡುತ್ತದೆ. ಗೇಮಿನೊಳಗೇ ಟ್ರ್ಯಾಕ್ ಜೋಡಿಸುವ ಸಾಧನ ಇದೆ. ಇನ್ನೂ ಆಳಕ್ಕೆ ಹೋಗಬೇಕು ಅಂದರೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಆಕಾರ ಮಾಡಿ, ಗೇಮ್ ಕಟ್ಟುವ ಸಾಧನವಾದ ಯೂನಿಟಿ ಮೂಲಕ ಒಳಗೆ ತರಬಹುದು. ಬ್ಲೆಂಡರ್ ಉಚಿತ. ದುಡ್ಡು ಕೊಟ್ಟು ಒಂದೇ ಒಂದು ಗೇಮ್ ತಗೋ ಅಂದರೆ ನಾನು ಹೇಳೋದು ಇದನ್ನೇ.

ಇನ್ನೊಂದು ಡಿಸ್ಟೆನ್ಸ್. 2018ರಲ್ಲಿ ಪೂರ್ತಿಯಾಯಿತು. ಕತ್ತಲ ನಗರ, ನಿಯಾನ್ ಬೆಳಕು, ಕಾರಿಗೆ ರೆಕ್ಕೆ ಬಿಚ್ಚಿ ಹಾರುವ ಶಕ್ತಿ. ದಾರಿಯಲ್ಲಿ ಲೇಸರ್ ಸಿಕ್ಕರೆ ಕಾರು ನಿಜವಾಗಿಯೂ ಎರಡು ತುಂಡಾಗುತ್ತದೆ, ಉಳಿದ ತುಂಡಿನಲ್ಲೇ ಮುಂದೆ ಹೋಗಬೇಕು. ಇದಕ್ಕೆ ಸ್ವಲ್ಪ ಗಟ್ಟಿ ಮಷಿನ್ ಬೇಕು. ಎಡಿಟರ್ ಬ್ಲಾಕ್ ಲೆಕ್ಕದ್ದಲ್ಲ, ರಸ್ತೆಯ ತುದಿ ಹಿಡಿದು ಎಳೆದ ಹಾಗೆ ಅದು ಬಾಗುತ್ತಾ ತಿರುಚುತ್ತಾ ಬೆಳೆಯುತ್ತದೆ. ಟ್ರ್ಯಾಕ್‌ಮಾಗ್ರಿಫೈ ಅಂತ ಒಂದು ಮೋಡ್ ಕೂಡ ಇದೆ. ಒಂದು ಪದ ಟೈಪ್ ಮಾಡಿದರೆ ಅದರಿಂದಲೇ ಒಂದು ಟ್ರ್ಯಾಕ್ ಹುಟ್ಟಿಸಿ ಕೊಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ದಾವಣಗೆರೆ ಅಂತ ಒಂದು ಸಲ, ಹರಿಹರ ಅಂತ ಒಂದು ಸಲ ಹೊಡೆದು ನೋಡಿ, ಎರಡು ಬೇರೆ ಬೇರೆ ದಾರಿ ಬರುತ್ತವೆ.

2016ರ ರೆಡೌಟ್, 2018ರ ಗ್ರಿಪ್ ಇವೆರಡೂ ಓಡಿಸೋಕೆ ತುಂಬಾ ಚೆನ್ನಾಗಿವೆ, ಆದರೆ ಟ್ರ್ಯಾಕ್ ಕಟ್ಟೋಕೆ ಆಗೋದಿಲ್ಲ. ಅದಕ್ಕೇ ಈ ಪಟ್ಟಿಗೆ ಬರಲಿಲ್ಲ.

ಕೊಳ್ಳುವ ಬಗ್ಗೆ ಎರಡು ಮಾತು. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಯುಪಿಐ ನಡೆಯುತ್ತದೆ. ಜೂನ್ ಕೊನೆಗೆ ಮತ್ತು ಡಿಸೆಂಬರ್ ಕೊನೆಗೆ ದೊಡ್ಡ ಸೇಲ್ ಬರುತ್ತದೆ. ಬೇಕಾದ ಗೇಮನ್ನು ವಿಶ್‌ಲಿಸ್ಟಿಗೆ ಹಾಕಿಟ್ಟರೆ ಬೆಲೆ ಇಳಿದಾಗ ಮೇಲ್ ಬರುತ್ತದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದ್ದರಿಂದ ಕೊಂಡ ದಿನವೇ ಎಡಿಟರ್ ತೆರೆದು ನಿಮ್ಮ ಮಷಿನ್ನಿನಲ್ಲಿ ಹೇಗೆ ಓಡುತ್ತದೆ ಅಂತ ನೋಡಿಬಿಡಿ. ಕ್ರ್ಯಾಕ್ ಮಾಡಿದ ಕಾಪಿ ಬೇಡವೇ ಬೇಡ. ಅದರ ಜೊತೆ ವೈರಸ್ ಬರಬಹುದು, ಮೇಲಾಗಿ ಬೇರೆಯವರ ಟ್ರ್ಯಾಕ್ ಇಳಿಸಿಕೊಳ್ಳುವ ವರ್ಕ್‌ಶಾಪ್ ಕೈಗೆ ಸಿಗುವುದಿಲ್ಲ. ಎಡಿಟರ್ ಇರುವ ಗೇಮಿನ ಅರ್ಧ ಜೀವ ಅಲ್ಲೇ ಇರೋದು.

ಇನ್ನು ಕಟ್ಟುವ ಕೆಲಸ. ಉದಾಹರಣೆಗೆ ನೇಷನ್ಸ್ ಫಾರೆವರ್ ಇಟ್ಟುಕೊಳ್ಳುತ್ತೇನೆ, ಬೇರೆ ಗೇಮ್‌ಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಮೊದಲ ದಿನ ದೊಡ್ಡದು ಕಟ್ಟಬೇಡಿ. ಸ್ಟಾರ್ಟ್, ನಾಲ್ಕೈದು ನೇರ ರಸ್ತೆ, ಒಂದು ತಿರುವು, ಒಂದು ಚೆಕ್‌ಪಾಯಿಂಟ್, ಇನ್ನೊಂದು ತಿರುವು, ಫಿನಿಷ್. ಅಷ್ಟೇ. ಚೆಕ್‌ಪಾಯಿಂಟ್ ಅಂದರೆ ದಾರಿಯಲ್ಲಿ ದಾಟಲೇಬೇಕಾದ ಗುರುತು. ಈಗ ಅದನ್ನು ಓಡಿಸಿ. ಈ ಗೇಮಿನಲ್ಲಿ ಟ್ರ್ಯಾಕನ್ನು ವ್ಯಾಲಿಡೇಟ್ ಮಾಡಬೇಕು, ಅಂದರೆ ಕಟ್ಟಿದವರೇ ಮೊದಲು ಶುರುವಿನಿಂದ ಕೊನೆವರೆಗೆ ಓಡಿಸಿ ಮುಗಿಸಿ ತೋರಿಸಬೇಕು. ನಿಮ್ಮ ಆ ಸಮಯವೇ ಆಥರ್ ಟೈಮ್ ಆಗುತ್ತದೆ, ಅದರ ಮೇಲೆ ಚಿನ್ನ, ಬೆಳ್ಳಿ, ಕಂಚಿನ ಪದಕದ ಸಮಯ ತಾನಾಗೇ ಲೆಕ್ಕ ಆಗುತ್ತದೆ. ತುಂಬಾ ನ್ಯಾಯವಾದ ಪದ್ಧತಿ ಇದು. ಕಟ್ಟಿದವನಿಗೇ ಮುಗಿಸೋಕೆ ಆಗದ ಟ್ರ್ಯಾಕನ್ನು ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ.

ಆಮೇಲೆ ಅಳತೆ. ನೇಷನ್ಸ್‌ನ ಮೈದಾನ ಒಂದು ಕಡೆಗೆ 32 ಚೌಕ, ಇನ್ನೊಂದು ಕಡೆಗೂ 32. ಒಂದೊಂದು ಚೌಕ, ಅಂದರೆ ಒಂದು ಬ್ಲಾಕ್ ಕೂರುವ ಜಾಗ, 32 ಮೀಟರ್ ಅಗಲ, ಒಂದು ಮಹಡಿ 8 ಮೀಟರ್ ಎತ್ತರ. ಈ ಲೆಕ್ಕ ಯಾಕೆ ಬೇಕು ಅಂದರೆ, ಗಂಟೆಗೆ 360 ಕಿಲೋಮೀಟರ್ ಅಂದರೆ ಸೆಕೆಂಡಿಗೆ 100 ಮೀಟರ್. ಅಂದರೆ ಒಂದು ಸೆಕೆಂಡಿನಲ್ಲಿ ಮೂರು ಬ್ಲಾಕ್ ಹಿಂದಕ್ಕೆ ಹೋಗಿರುತ್ತದೆ. ತಿರುವು ಐದು ಬ್ಲಾಕ್ ದೂರದಿಂದ ಕಂಡರೆ ಓಡಿಸುವವರಿಗೆ ಒಂದೂವರೆ ಸೆಕೆಂಡ್ ಸಿಕ್ಕಿತು, ಯೋಚನೆ ಮಾಡಿ ಬ್ರೇಕ್ ಒತ್ತಬಹುದು. ಎರಡು ಬ್ಲಾಕ್ ದೂರದಿಂದ ಕಂಡರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟರಲ್ಲಿ ಗೋಡೆಗೆ ಗುದ್ದಿ ಆಗಿರುತ್ತದೆ. ಟ್ರ್ಯಾಕ್ ಕಷ್ಟ ಇರಬಹುದು, ಕುರುಡು ಇರಬಾರದು. ಎಡಿಟರಿನಲ್ಲಿ ನಾವು ಆಕಾಶದಿಂದ ನೋಡುತ್ತಾ ಕಟ್ಟುತ್ತೇವೆ, ಮೇಲಿಂದ ಎಲ್ಲಾ ತಿರುವೂ ಕಾಣುತ್ತವೆ. ಕಾರಿನ ಹಿಂದೆ ನಿಂತವರಿಗೆ ಮುಂದಿನ ಏರಿನ ಆಚೆ ಏನಿದೆ ಅಂತ ಕಾಣೋದಿಲ್ಲ. ಅದಕ್ಕೇ ನಾಲ್ಕೈದು ಬ್ಲಾಕ್ ಇಟ್ಟ ಕೂಡಲೇ ಓಡಿಸಿ ನೋಡಬೇಕು, ಪೂರ್ತಿ ಕಟ್ಟಿದ ಮೇಲಲ್ಲ.

ಐಡಿಯಾ ಎಲ್ಲಿಂದ ತರೋದು ಅಂತ ಕೇಳುತ್ತಾರೆ. ಅರವತ್ತು ಕಿಲೋಮೀಟರ್ ದೂರದಲ್ಲಿ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಇದೆಯಲ್ವಾ? ಒಂದು ಭಾನುವಾರ ಬಸ್ಸು ಹತ್ತಿ ಹೋಗಿ, ಬಾಗಿಲುಗಳನ್ನು ನೋಡುತ್ತಾ ನಡೆಯಿರಿ. ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ನೇರಕ್ಕೆ ಸಿಗೋದಿಲ್ಲ. ದಾರಿ ಇಕ್ಕಟ್ಟಾಗಿ ಪಕ್ಕಕ್ಕೆ ಹೊರಳುತ್ತದೆ, ಎರಡೂ ಕಡೆ ಎತ್ತರದ ಗೋಡೆ, ಆಮೇಲೆ ಮತ್ತೆ ತಿರುವು. ವೈರಿಗಳ ಆನೆ ದೂರದಿಂದ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಮಾಡಿದ್ದು ಅದು. ಓಡೋಕೆ ಜಾಗವೇ ಕೊಡದಿದ್ದರೆ ವೇಗ ಎಲ್ಲಿಂದ ಬರಬೇಕು? ರೇಸ್ ಟ್ರ್ಯಾಕ್ ಕಟ್ಟುವವರಿಗೆ ಇದೇ ಪಾಠ, ತಿರುಗಿಸಿ ಓದಬೇಕು ಅಷ್ಟೇ. ವೇಗ ಬೇಕಾದ ಕಡೆ ನೇರ ದಾರಿ ಕೊಡಿ, ವೇಗ ಮುರಿಯಬೇಕಾದ ಕಡೆ ಪಾಳೆಯಗಾರರ ಹಾಗೆ ಬಾಗಿಲನ್ನು ಪಕ್ಕಕ್ಕೆ ಸರಿಸಿ.

ಏಳು ಸುತ್ತನ್ನು ಟ್ರ್ಯಾಕಿಗೆ ಇಳಿಸೋದು ಹೀಗೆ. ಮೈದಾನದ ಅಂಚಿನಿಂದ ಶುರು ಮಾಡಿ. ಹೊರಗಿನ ಸುತ್ತು ಉದ್ದ, ಅಲ್ಲಿ ಬೂಸ್ಟ್ ಹಾಕಿ ಪೂರ್ತಿ ವೇಗ ಕೊಡಿ. ಒಳಗೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತದೆ, ಪ್ರತಿ ಸುತ್ತಿಗೂ ಒಂದು ಮಹಡಿ ಏರಿಸುತ್ತಾ ಹೋಗಿ. ಏಳನೇ ಸುತ್ತಿಗೆ ನೀವು ನಡುಮಧ್ಯದಲ್ಲಿ, ಎಲ್ಲಕ್ಕಿಂತ ಮೇಲೆ ಇರುತ್ತೀರಿ. ಅಲ್ಲಿಂದ ಕೆಳಕ್ಕೆ ಒಂದೇ ದೊಡ್ಡ ಜಿಗಿತ, ನೆಲಕ್ಕೆ ಬಿದ್ದ ಮೇಲೆ ಫಿನಿಷ್. ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವ ಬಾಗಿಲುಗಳನ್ನು ಒಂದೇ ಸಾಲಿಗೆ ಇಡಬೇಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹೈದರಾಲಿಯ ಸೈನಿಕರು ನುಸುಳಿದ, ಓಬವ್ವ ಒನಕೆ ಹಿಡಿದು ಕಾದ ಕಿಂಡಿಯನ್ನು ಮರೆಯಬೇಡಿ. ನಾಲ್ಕನೇ ಸುತ್ತಿನಲ್ಲಿ ಗೋಡೆಗೆ ಕಾರು ಒಂದೇ ಹಿಡಿಯುವಷ್ಟು ಸಂದು ಬಿಡಿ. ಅದರಲ್ಲಿ ನುಗ್ಗಿದವರಿಗೆ ಅರ್ಧ ಸುತ್ತು ಉಳಿಯಬೇಕು, ತಪ್ಪಿದವರು ಗೋಡೆಗೆ ಬಡಿದು ಎಲ್ಲಾ ವೇಗ ಕಳಕೊಳ್ಳಬೇಕು. ಅಡ್ಡದಾರಿ ಅಂದರೆ ಹಾಗಿರಬೇಕು. ಸುಲಭವಾಗಿ ಸಿಗುವ ಅಡ್ಡದಾರಿಯನ್ನು ಎಲ್ಲರೂ ಹಿಡಿಯುತ್ತಾರೆ, ಆಗ ಅದೇ ಮುಖ್ಯ ದಾರಿಯಾಗಿ ನೀವು ಕಷ್ಟಪಟ್ಟು ಕಟ್ಟಿದ ಭಾಗ ಯಾರೂ ನೋಡದೆ ಉಳಿಯುತ್ತದೆ.

ಅಡ್ಡದಾರಿ ಬೇಡದ ಕಡೆ ಚೆಕ್‌ಪಾಯಿಂಟ್ ಇಡಿ. ಎಲ್ಲಾ ಚೆಕ್‌ಪಾಯಿಂಟ್ ಮುಟ್ಟದೆ ಫಿನಿಷ್ ಲೆಕ್ಕಕ್ಕೆ ಬರೋದಿಲ್ಲ.

ಚೆಕ್‌ಪಾಯಿಂಟ್ ಬಗ್ಗೆ ಇನ್ನೊಂದು ಮಾತು, ಬಹಳ ಜನ ಇಲ್ಲೇ ಎಡವೋದು. ಬಿದ್ದವರು ಹಿಂದಿನ ಚೆಕ್‌ಪಾಯಿಂಟಿನಲ್ಲಿ ಮತ್ತೆ ಹುಟ್ಟುತ್ತಾರೆ, ಆದರೆ ನೇಷನ್ಸ್‌ನಲ್ಲಿ ವೇಗ ಸೊನ್ನೆ. ಚೆಕ್‌ಪಾಯಿಂಟ್ ಆದ ತಕ್ಷಣ ಲೂಪ್ ಇದ್ದರೆ ನಿಂತಲ್ಲಿಂದ ಹೊರಟ ಕಾರು ಲೂಪಿನ ಅರ್ಧಕ್ಕೆ ಹೋಗಿ ಕೆಳಗೆ ಬೀಳುತ್ತದೆ, ಮತ್ತೆ ಹುಟ್ಟುತ್ತದೆ, ಮತ್ತೆ ಬೀಳುತ್ತದೆ. ಆಟಗಾರ ಬೇಜಾರಾಗಿ ಎದ್ದು ಹೋಗುತ್ತಾನೆ. ಅದಕ್ಕೆ ಚೆಕ್‌ಪಾಯಿಂಟನ್ನು ಕಷ್ಟದ ಜಾಗ ಮುಗಿದ ಮೇಲೆ ಇಡಿ. ಮುಂಚೆಯೇ ಇಡಬೇಕಾದರೆ ಅದಕ್ಕೂ ಲೂಪಿಗೂ ನಡುವೆ ಒಂದು ಬೂಸ್ಟ್ ಪಟ್ಟಿ ಕೊಡಿ. ನಂತರ ನೀವೇ ಪ್ರತಿ ಚೆಕ್‌ಪಾಯಿಂಟಿನಲ್ಲೂ ಬೇಕಂತಲೇ ನಿಂತು, ಸೊನ್ನೆಯಿಂದ ಹೊರಟು ಮುಂದಿನದಕ್ಕೆ ತಲುಪಲು ಆಗುತ್ತದಾ ಅಂತ ನೋಡಿ. ಈ ಒಂದು ಪರೀಕ್ಷೆ ಮಾಡಿದ ಟ್ರ್ಯಾಕನ್ನು ಗೆಳೆಯರು ಕೊನೆವರೆಗೂ ಆಡುತ್ತಾರೆ.

ಜಿಗಿತಕ್ಕೂ ಹೀಗೇ. ಮೊದಲು ಏರು ಮಾತ್ರ ಕಟ್ಟಿ, ಆಚೆ ಏನೂ ಇಡಬೇಡಿ. ಕಾರು ಹಾರಿಸಿ ಎಲ್ಲಿ ಬೀಳುತ್ತದೆ ಅಂತ ನೋಡಿ. ಒಮ್ಮೆ ಚೆನ್ನಾಗಿ ಓಡಿಸಿ, ಒಮ್ಮೆ ಬೇಕಂತಲೇ ಸುಮಾರಾಗಿ ಓಡಿಸಿ. ಎರಡೂ ಬಿದ್ದ ಜಾಗಗಳ ನಡುವೆ ಇಳಿಯುವ ರಸ್ತೆ ಹಾಕಿ, ಇಳಿಜಾರಾಗಿ ಹಾಕಿ. ಸಮತಟ್ಟು ನೆಲಕ್ಕೆ ದಪ್ಪಂತ ಬಿದ್ದರೆ ಕಾರು ಪುಟಿದು ಹತೋಟಿ ತಪ್ಪುತ್ತದೆ, ಇಳಿಜಾರಿನಲ್ಲಿ ಬಿದ್ದರೆ ಹಾಗೇ ಜಾರಿಕೊಂಡು ಮುಂದೆ ಹೋಗುತ್ತದೆ. ಇಳಿದ ಮೇಲೆ ಮೂರು ಬ್ಲಾಕ್ ಆದರೂ ನೇರ ಇರಲಿ.

ಬ್ಯಾಲಿಸ್ಟಿಕ್‌ಎನ್‌ಜಿಗೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ನೌಕೆ ತೇಲುವುದರಿಂದ ಟೈರಿನ ಹಿಡಿತ ಇಲ್ಲ, ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಎಡಕ್ಕೊಂದು ಬಲಕ್ಕೊಂದು ಏರ್‌ಬ್ರೇಕ್ ಹಿಡಿದು ತಿರುಗಿಸಬೇಕು. ಆದ್ದರಿಂದ ದಾರಿ ಅಗಲವಾಗಿರಲಿ, ತಿರುವು ಉದ್ದವಾಗಿ ನಿಧಾನಕ್ಕೆ ಬಾಗಲಿ, ಚೂಪಾದ ತಿರುವು ಒಂದೆರಡು ಸಾಕು. ವೇಗದ ಪಟ್ಟಿಗಳನ್ನು ಸುಲಭದ ಸಾಲಿನಲ್ಲಿ ಇಡಬೇಡಿ, ಒಳ್ಳೆ ಓಟಗಾರ ತಿರುವಿನಿಂದ ಹೊರಬರುವ ಸಾಲಿನ ಅಂಚಿಗೆ ಇಡಿ. ಡಿಸ್ಟೆನ್ಸ್‌ನಲ್ಲಿ ಬಿಸಿ ನೋಡಿಕೊಳ್ಳಬೇಕು. ಬೂಸ್ಟ್ ಹಿಡಿದರೆ ಕಾರು ಕಾಯುತ್ತದೆ, ಅತಿಯಾದರೆ ಸ್ಫೋಟ ಆಗುತ್ತದೆ, ಚೆಕ್‌ಪಾಯಿಂಟ್ ದಾಟಿದರೆ ತಣ್ಣಗಾಗುತ್ತದೆ. ಎರಡು ಚೆಕ್‌ಪಾಯಿಂಟ್‌ಗಳ ನಡುವೆ ಎಷ್ಟು ದೂರ ಇಡುತ್ತೀರಿ ಅನ್ನೋದೇ ಅಲ್ಲಿ ಟ್ರ್ಯಾಕಿನ ಕಷ್ಟವನ್ನು ತೀರ್ಮಾನ ಮಾಡುತ್ತದೆ.

ಭವಿಷ್ಯದ ಥೀಮ್ ಬೇಕು ಅಂದರೆ ಅದಕ್ಕೂ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಏರೋನಾಟಿಕಲ್ ಟೆಸ್ಟ್ ರೇಂಜಿನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ಮತ್ತೆ ಬಳಸಬಹುದಾದ ರೆಕ್ಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. 2024ರ ಜೂನ್‌ನಲ್ಲಿ ಮೂರನೇ ಸಲ ಇಳಿದಾಗ ವೇಗ ಗಂಟೆಗೆ 320 ಕಿಲೋಮೀಟರ್ ದಾಟಿತ್ತು, ಪ್ಯಾರಾಚೂಟ್ ಬಿಚ್ಚಿ ಅದನ್ನು 100ರ ಹತ್ತಿರಕ್ಕೆ ಇಳಿಸಿದರು. ನಮ್ಮ ಪಕ್ಕದಲ್ಲೇ ಆದದ್ದು ಇದು! ಎತ್ತರದಿಂದ ಧುಮುಕಿ, ಉದ್ದ ರನ್‌ವೇ ಮೇಲೆ ಇಳಿದು, ಕೊನೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಬೇಕಾದ ಟ್ರ್ಯಾಕ್ ಕಟ್ಟಿದರೆ ಅದ್ಭುತವಾಗಿರುತ್ತದೆ. ಪಕ್ಕದಲ್ಲಿ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಹಾಗೆ ಎತ್ತರದ ಕಂಬಗಳನ್ನು ಸಮ ದೂರಕ್ಕೆ ನಿಲ್ಲಿಸಿ. ಸುಮ್ನೆ ಅಂದಕ್ಕಲ್ಲ. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ವೇಗ ಗೊತ್ತೇ ಆಗೋದಿಲ್ಲ, ಕಂಬಗಳು ಸರ್ರಂತ ಹಿಂದೆ ಹೋದಾಗಲೇ ವೇಗ ಅನ್ನಿಸೋದು.

ಅಲಂಕಾರ ಕೊನೆಗೆ, ದಾರಿ ಪೂರ್ತಿ ಸರಿಯಾದ ಮೇಲೆ. ದೊಡ್ಡ ಬದಲಾವಣೆ ಮಾಡುವ ಮುಂಚೆ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಕೋಟೆ 1, ಕೋಟೆ 2 ಅಂತ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇದ್ದವರು ಪ್ರತಿ ತಿರುವು ಮುಗಿದಾಗ ಸೇವ್ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.

ನೇಷನ್ಸ್‌ನಲ್ಲಿ ಟ್ರ್ಯಾಕ್ ಅಂದರೆ ಒಂದು ಪುಟ್ಟ ಫೈಲ್, ಒಂದು ಫೋಟೋಗಿಂತಲೂ ಚಿಕ್ಕದು. ಡಾಕ್ಯುಮೆಂಟ್ಸ್ ಒಳಗೆ ಟ್ರ್ಯಾಕ್‌ಮೇನಿಯಾ ಅಂತ ಫೋಲ್ಡರ್ ಇರುತ್ತದೆ, ಅದರೊಳಗೆ ಟ್ರ್ಯಾಕ್ಸ್, ಅದರೊಳಗೆ ಚಾಲೆಂಜಸ್, ಅಲ್ಲಿ ಮೈ ಚಾಲೆಂಜಸ್. ಅಲ್ಲಿಂದ ಎತ್ತಿ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಪೆನ್‌ಡ್ರೈವ್ ಆದರೂ ನಡೆಯುತ್ತದೆ. ಒಂದೇ ರೂಮಿನಲ್ಲಿ ನಾಲ್ಕು ಲ್ಯಾಪ್‌ಟಾಪ್ ಇದ್ದರೆ ಒಂದೇ ವೈಫೈಗೆ ಹಾಕಿ ಲ್ಯಾನ್‌ನಲ್ಲಿ ಒಟ್ಟಿಗೆ ಆಡಬಹುದು. ಕಾರುಗಳು ಒಂದಕ್ಕೊಂದು ಗುದ್ದೋದಿಲ್ಲ, ಒಂದರೊಳಗೊಂದು ಹಾದುಹೋಗುತ್ತವೆ. ಹಾಗಾಗಿ ಯಾರು ಯಾರನ್ನು ತಳ್ಳಿದರು ಅನ್ನುವ ಜಗಳ ಇಲ್ಲ.

ಗೆಳೆಯರು ಓಡಿಸುವಾಗ ಹಿಂದೆ ನಿಂತು ನೋಡಿ, ಬಾಯಿ ಮುಚ್ಚಿಕೊಂಡು ನೋಡಿ. ಎಡಕ್ಕೆ ತಿರುಗು, ಬ್ರೇಕ್ ಹಾಕು ಅಂತ ಹೇಳಿಕೊಟ್ಟರೆ ನಿಮಗೆ ಏನೂ ಗೊತ್ತಾಗೋದಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಆ ಜಾಗ ಸರಿ ಮಾಡಬೇಕು. ಒಬ್ಬೊಬ್ಬರು ಒಂದೊಂದು ಕಡೆ ಬೀಳುತ್ತಿದ್ದರೆ ಮುಟ್ಟಬೇಡಿ, ಅವರು ಇನ್ನೂ ಕಲಿಯುತ್ತಿದ್ದಾರೆ. ಒಂದು ಬ್ಲಾಕ್ ಬದಲಾಯಿಸಿದರೂ ಮತ್ತೆ ವ್ಯಾಲಿಡೇಟ್ ಮಾಡಬೇಕು, ಹಳೇ ಸಮಯ ಲೆಕ್ಕಕ್ಕಿಲ್ಲ. ಹೊಸದನ್ನು ಹೊಸ ನಂಬರ್ ಹಾಕಿ ಕಳಿಸಿ, ಹಳೆಯದನ್ನು ಅಳಿಸಿಬಿಡಿ ಅಂತ ಎಲ್ಲರಿಗೂ ಹೇಳಿ. ಇಲ್ಲದಿದ್ದರೆ ಒಬ್ಬ ಕೋಟೆ 3ರಲ್ಲಿ, ಇನ್ನೊಬ್ಬ ಕೋಟೆ 5ರಲ್ಲಿ ಮಾಡಿದ ಸಮಯ ಹಿಡಿದು ನಾನು ಫಸ್ಟ್ ನಾನು ಫಸ್ಟ್ ಅಂತ ಕೂರುತ್ತಾರೆ.